ಅರವತ್ತನಾಲ್ಕು ಸ್ಪೀಕರು, ಎರಡು ಕಿವಿ

ಕೊಲ್ಹಾಪುರ ಜಿಲ್ಲೆಯಲ್ಲಿ ಡಾಲ್ಬಿ ಎರಡು ಥರ. ಒಂದು, ಟಿಕೆಟ್ ತೆಗೆದವರಿಗಷ್ಟೇ ಕೇಳುತ್ತದೆ. ಇನ್ನೊಂದು ಪುಕ್ಕಟೆ. ಕಿಟಕಿ ಹಾಕಿದರೂ ಕೇಳುತ್ತದೆ. ಕಿವಿಗೆ ಅರಳೆ ಇಟ್ಟರೂ ಕೇಳುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರಪ್ಪ ಎಂದು ಕೈಮುಗಿದರೆ ಇನ್ನಷ್ಟು ಚೆನ್ನಾಗಿ ಕೇಳುತ್ತದೆ.

ಮೊದಲನೆಯದು ಥಿಯೇಟರಿನದು. ಎರಡನೆಯದು ಬೀದಿಯದು. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಗೋಡೆಯೆತ್ತರ ಜೋಡಿಸಿದ ಸ್ಪೀಕರುಗಳನ್ನು ಇಲ್ಲಿನ ಜನ ಡಾಲ್ಬಿ ಎಂದೇ ಕರೆಯುತ್ತಾರೆ. ಇಚಲಕರಂಜಿಯಿಂದ ಗಡಹಿಂಗ್ಲಜದವರೆಗೆ, ಮರಾಠಿಯಲ್ಲೂ ಕನ್ನಡದಲ್ಲೂ ಅದೇ ಹೆಸರು. ಗಣಪತಿಗೆ ಡಾಲ್ಬಿ. ಮದುವೆಗೆ ಡಾಲ್ಬಿ. ಪುಢಾರಿಯ ಹುಟ್ಟುಹಬ್ಬಕ್ಕೆ ಡಾಲ್ಬಿ. ಪೊಲೀಸರು ಹಬ್ಬದ ಮುಂಚೆ ಹಾಕಿಸುವ ಬ್ಯಾನರಿನಲ್ಲೂ ಡಾಲ್ಬಿ: 'ಡಾಲ್ಬಿಮುಕ್ತ ಗಣೇಶೋತ್ಸವ'.

ಆ ಹೆಸರಿನ ಮನುಷ್ಯನ ಕಥೆ ಕೇಳಿ. ರೇ ಡಾಲ್ಬಿ ಅಮೆರಿಕದ ಎಂಜಿನಿಯರು. 1963ರಿಂದ ಎರಡು ವರ್ಷ ನಮ್ಮ ದೇಶದಲ್ಲೇ ಇದ್ದ, ವಿಶ್ವಸಂಸ್ಥೆಯ ತಾಂತ್ರಿಕ ಸಲಹೆಗಾರನಾಗಿ. 1965ರಲ್ಲಿ ಲಂಡನ್ನಿಗೆ ಹೋಗಿ ಕಂಪನಿ ತೆರೆದ. ಅವನ ಮೊದಲ ಸರಕು, ಟೇಪಿನಲ್ಲಿ ಸಂಗೀತದ ಹಿಂದೆ ಬರುವ ಸುಯ್ ಎಂಬ ಸದ್ದನ್ನು ತಗ್ಗಿಸುವ ಯಂತ್ರ. ಬೇಡದ ಸದ್ದು ಕಡಿಮೆ ಮಾಡಿ ಹೆಸರು ಮಾಡಿದವನು. 2013ರಲ್ಲಿ ತೀರಿಕೊಂಡ. ಅನಂತ ಚತುರ್ದಶಿಯ ರಾತ್ರಿ ಅವನನ್ನು ಕೊಲ್ಹಾಪುರದ ಮಿರಜಕರ್ ತಿಕಟಿಯಲ್ಲಿ ನಿಲ್ಲಿಸಿದ್ದರೆ ಕೋರ್ಟಿಗೆ ಹೋಗಿ ಅಡ್ಡಹೆಸರು ಬದಲಿಸಿಕೊಂಡು ಬರುತ್ತಿದ್ದ.

ಮೊದಲು ಟಿಕೆಟ್ಟಿನ ಡಾಲ್ಬಿ ನೋಡೋಣ. ಅದರ ಪ್ರತಾಪ ಥಿಯೇಟರಿನ ಬಾಗಿಲಲ್ಲೇ ಬರೆದಿರುತ್ತದೆ. ಸರೌಂಡ್. 7.1. ಆಟ್‌ಮಾಸ್. ಅಂಕಿಯ ಅರ್ಥ ಕೌಂಟರಿನ ಹುಡುಗನಿಗೆ ಗೊತ್ತಿಲ್ಲ. ಸಾಲಿನಲ್ಲಿ ನಿಂತವರಿಗೂ ಗೊತ್ತಿಲ್ಲ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಭಕ್ತಿ ಇಬ್ಬರಿಗೂ ಇದೆ. ಟಿಕೆಟ್ಟಿನ ದರ ಆ ಭಕ್ತಿಯ ಮೇಲೆ ನಿಂತಿದೆ.

ಅಂಕಿಗೆ ಅರ್ಥವಿದೆ, ಮರ್ಯಾದೆಯೂ ಇದೆ. 5.1 ಎಂದರೆ ಪರದೆಯ ಹಿಂದೆ ಎಡ, ನಡು, ಬಲ ಎಂದು ಮೂರು ದಾರಿ. ನಮ್ಮ ಅಕ್ಕಪಕ್ಕದ ಗೋಡೆಗಳಿಗೆ ಎರಡು. ಉಳಿದ ಆ ಪಾಯಿಂಟ್ ಒಂದು, ಎದೆಗೆ ಗುದ್ದುವ ಸಬ್‌ವೂಫರಿನದು. ಪರದೆಯ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ನಟರ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಹೊರಟು ಆ ತೂತುಗಳಲ್ಲಿ ಹಾದು ನಮ್ಮನ್ನು ಮುಟ್ಟುತ್ತದೆ. ಪಕ್ಕದ ಗೋಡೆಗಳಿಗೆ ಮಳೆ, ಗಾಳಿ, ಸಂತೆಯ ಗದ್ದಲ, ಬೆನ್ನ ಹಿಂದಿನಿಂದ ಬರುವ ಬೈಕು. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದ ಜೊತೆ ಈ ಲೆಕ್ಕ ಡಿಜಿಟಲ್ ಆಯಿತು. 2012ರಲ್ಲಿ ಆಟ್‌ಮಾಸ್ ಬಂತು, ಸ್ಪೀಕರು ಚಾವಣಿಗೂ ಏರಿತು. ಅಲ್ಲಿಂದ ಸದ್ದಿಗೆ ಗೋಡೆಯ ಹಂಗಿಲ್ಲ. ಹಾಲಿನ ಇಂಥ ಮೂಲೆಯಲ್ಲಿ ಹುಟ್ಟು, ಇಂಥವರ ತಲೆಯ ಮೇಲೆ ಹಾದುಹೋಗು ಎಂದು ಒಂದೊಂದು ಸದ್ದಿಗೂ ಅಪ್ಪಣೆ ಕೊಡಬಹುದು. ಒಂದೇ ಹೊತ್ತಿಗೆ 128 ಎಳೆಗಳು. ಹಾಲಿನಲ್ಲಿ 64 ದಾರಿಗಳವರೆಗೆ.

ಇಷ್ಟನ್ನೂ ಹೊಂದಿಸಲು ಮುಂಬೈಯಲ್ಲೋ ಚೆನ್ನೈಯಲ್ಲೋ ಒಬ್ಬ ಮಿಕ್ಸಿಂಗ್ ಎಂಜಿನಿಯರು ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಕೂರುತ್ತಾನೆ. ನಾಯಕಿಯ ಬಳೆ ಎಡ ಭುಜದ ಪಕ್ಕ ಸದ್ದಾಗಬೇಕೋ, ಇನ್ನೊಂದು ಗೇಣು ಹಿಂದೆಯೋ ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಪಾಪ. ಆ ಬಳೆ ನಮ್ಮ ಭಾಗದ ಥಿಯೇಟರಿಗೆ ಬರುವ ಹೊತ್ತಿಗೆ ಎಡಗೋಡೆಯ ಹಿಂದಿನ ಸ್ಪೀಕರು ಸತ್ತು ವರ್ಷವಾಗಿರುತ್ತದೆ.

ಒಂದು ಕಡೆ ಕೇಳಿಯೇ ನೋಡಿದೆ. "ತಮ್ಮಾ, ಈ ಗ್ವಾಡೀ ಕಡೆ ಅವಾಜನ ಬರವಲ್ದಲ್ಲ?"

ಮ್ಯಾನೇಜರ್ ಹುಡುಗ ನಕ್ಕ. "ಸುತ್ತೂ ಕೂಡಿ ಹನ್ನೆರಡು ಅದಾವ್ರಿ ಕಾಕಾ. ಒಂದ್ ಹ್ವಾದ್ರ ಏನಾತು?"

"ಹೊರಗ ಪೋಸ್ಟರಿನಾಗ ಸುತ್ತೂ ಅವಾಜ ಅಂತ ಬರದೀರಲ್ಲ?"

"ಪೋಸ್ಟರ್ ನಾವ್ ಬರೆಯೂದಿಲ್ರಿ. ಅವು ಮ್ಯಾಲಿಂದ ಬರ್ತಾವು."

ಹೊಣೆ ಮುಗಿಯಿತು. ಮೇಲಿನಿಂದ ಪೋಸ್ಟರು ಬರುತ್ತದೆ, ಸ್ಪೀಕರು ಬರುವುದಿಲ್ಲ.

ಬದುಕಿರುವ ಸ್ಪೀಕರುಗಳ ಪಾಡು ಬೇರೆ. ಪ್ರತಿ ಥಿಯೇಟರಿನ ಸೌಂಡ್ ಯಂತ್ರದಲ್ಲಿ ಫೇಡರ್ ಎಂಬ ಗುಂಡಿ ಇರುತ್ತದೆ. ಅದನ್ನು 7ಕ್ಕೆ ಇಡಬೇಕು ಎಂಬುದು ಜಗತ್ತಿನ ವಾಡಿಕೆ. ಪರದೆಯ ಹಿಂದಿನ ಒಂದೊಂದು ದಾರಿಯೂ ಅಳತೆಯ ಸದ್ದಿಗೆ 85 ಡೆಸಿಬೆಲ್ ಕೊಡುವಂತೆ ಹಾಲನ್ನು ಹದ ಮಾಡುತ್ತಾರೆ. ಮಿಕ್ಸಿಂಗ್ ಕೋಣೆಯೂ ಅದೇ ಹದದಲ್ಲಿರುತ್ತದೆ. ಅಲ್ಲಿ ಕೇಳಿಸಿದ್ದು ಇಲ್ಲಿ ಕೇಳಿಸಬೇಕಲ್ಲ, ಅದಕ್ಕೆ. ನಮ್ಮಲ್ಲಿ ಯಾರೋ ಒಬ್ಬ ಅಜ್ಜಿ ಜೋರಾಯಿತು ಎನ್ನುತ್ತಾರೆ. ಗುಂಡಿ 5ಕ್ಕೆ ಇಳಿಯುತ್ತದೆ. ಮಗು ಅಳುತ್ತದೆ. 4ಕ್ಕೆ ಬರುತ್ತದೆ. ಆಮೇಲೆ ಅದನ್ನು ಮೇಲೆತ್ತುವ ಕೆಲಸ ಯಾರ ಪಟ್ಟಿಯಲ್ಲೂ ಇಲ್ಲ. 7ರಿಂದ 4ಕ್ಕೆ ಬಂದರೆ ಹತ್ತು ಡೆಸಿಬೆಲ್ ಹೋಯಿತು. ಕಿವಿಯ ಲೆಕ್ಕದಲ್ಲಿ ಸದ್ದು ಹೆಚ್ಚುಕಡಿಮೆ ಅರ್ಧ. ಟಿಕೆಟ್ ದರ ಮಾತ್ರ ಪೂರ್ತಿ.

ಅಜ್ಜಿಯನ್ನು ಬೈಯಬೇಡಿ. ಅವರ ದೂರು ಖರೆ. ಸಿನೆಮಾ ಮಾಡುವವರಿಗೆ ಥಿಯೇಟರಿನವರು ಗುಂಡಿ ಇಳಿಸುತ್ತಾರೆ ಎಂದು ಗೊತ್ತು. ಆದ್ದರಿಂದ ಅವರು ಮೊದಲೇ ಜೋರು ಮಾಡಿ ಕಳಿಸುತ್ತಾರೆ. ಜೋರಾಗಿ ಬಂದದ್ದಕ್ಕೆ ಇವರು ಇನ್ನೂ ಇಳಿಸುತ್ತಾರೆ. ಇಳಿಸಿದ್ದಕ್ಕೆ ಅವರು ಇನ್ನೂ ಏರಿಸುತ್ತಾರೆ. ಈ ಹಗ್ಗಜಗ್ಗಾಟದಲ್ಲಿ ಸತ್ತದ್ದು ನಡುವಿನ ಸ್ಪೀಕರು. ಅಂದರೆ ಮಾತು. ಬಡಿದಾಟ ಎಲ್ಲ ಕೇಳುತ್ತದೆ. ಯಾಕೆ ಬಡಿದಾಡುತ್ತಿದ್ದಾರೆ ಎಂಬುದು ಕೇಳುವುದಿಲ್ಲ.

ಅದನ್ನು ಕೇಳಿಸಿಕೊಳ್ಳಲು ಬಂದವರಾದರೂ ಯಾರು? ನಾಯಕ ಚಪ್ಪಲಿ ಮೆಟ್ಟಿ ಎರಡು ಹೆಜ್ಜೆ ಇಡುತ್ತಾನೆ, ಸಬ್‌ವೂಫರು ಗುಡುಗುತ್ತದೆ. ಬೀಡಿ ಹಚ್ಚುತ್ತಾನೆ, ಬಾಂಬು. ಕನ್ನಡಕ ತೆಗೆಯುತ್ತಾನೆ, ಭೂಕಂಪ. ಕಥೆಯಲ್ಲಿ ನಿಜವಾಗಿ ಭೂಕಂಪ ಬಂದರೆ ಇವರ ಬಳಿ ಇನ್ನೇನು ಸದ್ದು ಉಳಿದಿದೆಯೋ ದೇವರಿಗೇ ಗೊತ್ತು. ನಿರ್ಮಾಪಕರ ಒಂದೇ ಬೇಡಿಕೆ: ಇನ್ನೂ ಜೋರು. ಸೌಂಡ್ ಡಿಸೈನರ್ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ಪ್ರೇಕ್ಷಕರು ಪಾರ್ಕಿಂಗಿನಲ್ಲಿ ಹಾರ್ನು ಒತ್ತುತ್ತಿರುತ್ತಾರೆ.

ಐವತ್ತು ವರ್ಷದ ಹಿಂದೆ ಇಷ್ಟು ಸ್ಪೀಕರು ಇರಲಿಲ್ಲ. ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' 1975ರಲ್ಲಿ 70 ಎಂಎಂ ಪರದೆಗೆ ಸ್ಟೀರಿಯೋ ಸದ್ದು ಹೊತ್ತು ಬಂತು. ಅದರಲ್ಲಿ ಗುಂಡು ಉಂಟು, ಕುದುರೆ ಉಂಟು, ರೈಲು ಉಂಟು. ಆದರೂ ನೋಡಿದವರ ಎದೆಯಲ್ಲಿ ಉಳಿದದ್ದು ಠಾಕೂರನ ಅಂಗಳದ ಜೋಕಾಲಿ. ಮನೆಯವರೆಲ್ಲ ಹೆಣವಾಗಿ ಬಿದ್ದಿದ್ದಾರೆ. ಖಾಲಿ ಜೋಕಾಲಿ ಕಿರ್ರ್ ಎನ್ನುತ್ತಿದೆ. ಅಷ್ಟೇ. ಆ ಕಿರ್ರ್ ಕೇಳಿಸಬೇಕಾದರೆ ಉಳಿದದ್ದೆಲ್ಲ ಬಾಯಿ ಮುಚ್ಚಬೇಕು. ಈಗಿನವರಾಗಿದ್ದರೆ ಜೋಕಾಲಿಯ ಹಿಂದೆ ನಲವತ್ತು ಜನರ ಕೋರಸ್ ಇಟ್ಟು ಸಂಸ್ಕೃತ ಶ್ಲೋಕ ಹಾಡಿಸುತ್ತಿದ್ದರು.

ಹತ್ತಿರದ ಉದಾಹರಣೆ ಬೇಕೇ? 2016ರ 'ಸೈರಾಟ್'. ನಾಗರಾಜ ಮಂಜುಳೆ ಮಾಡಿದ ಮರಾಠಿ ಚಿತ್ರ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಅದನ್ನು ನೋಡದವರನ್ನು ಹುಡುಕಬೇಕು. ಅಜಯ್–ಅತುಲ್ ಅದರ ಸಂಗೀತಕ್ಕಾಗಿ ಹಾಲಿವುಡ್ಡಿನವರೆಗೆ ಹೋಗಿ ವಾದ್ಯವೃಂದ ನುಡಿಸಿಕೊಂಡು ಬಂದಿದ್ದರು. ಅಷ್ಟು ದೊಡ್ಡ ಸದ್ದು ಕಟ್ಟಿದ ಚಿತ್ರ ಮುಗಿಯುವುದು ಸದ್ದೇ ಇಲ್ಲದೆ. ಜಾತಿ ಮೀರಿ ಮದುವೆಯಾದ ಗಂಡಹೆಂಡತಿಯನ್ನು ಹುಡುಗಿಯ ತವರಿನವರೇ ಬಂದು ಕೊಂದು ಹೋಗಿದ್ದಾರೆ. ಎಳೆ ಕೂಸು ರಕ್ತ ತುಳಿದು ಹೊರಗೆ ನಡೆಯುತ್ತದೆ. ಒಂದು ಸ್ಪೀಕರೂ ಉಸಿರೆತ್ತುವುದಿಲ್ಲ. ಸುತ್ತ ಸದ್ದು ತುಂಬುವ ತಂತ್ರ ಕಲಿತವನಿಗೆ ಅದನ್ನು ಯಾವಾಗ ಕಿತ್ತುಕೊಳ್ಳಬೇಕು ಎಂಬುದೂ ಗೊತ್ತಿರುತ್ತದೆ.

ನಾನಿದ್ದ ಆಟದಲ್ಲಿ ಸರಿಯಾಗಿ ಆ ಹೊತ್ತಿಗೆ ಫೋನು ಹೊಡೆಯಿತು. ಎತ್ತಿದವನು ಹಾಲಿಗೆಲ್ಲ ಕೇಳುವಂತೆ ಹೇಳಿದ: "ಹಾಂ, ಮುಗದೇತಿ, ಬಂದೆ." ಸೌಂಡ್ ಬಂದ್ ಆದರೆ ಸಿನೆಮಾ ಮುಗಿದಂತೆಯೇ ತಾನೆ.

ಆ ಚಿತ್ರದಿಂದ ಜನ ಮನೆಗೆ ಒಯ್ದದ್ದು ಏನು? 'ಝಿಂಗಾಟ್'. ಇಷ್ಟು ವರ್ಷವಾದರೂ ಬಿಟ್ಟಿಲ್ಲ. 2017ರಲ್ಲಿ 'ಮನಸು ಮಲ್ಲಿಗೆ' ಎಂದು ಚಿತ್ರ ಕನ್ನಡಕ್ಕೂ ಬಂತು. ಹಾಡಿನ ಮಟ್ಟಿಗೆ ಗಡಿ ದಾಟಲು ಯಾವ ತೊಂದರೆಯೂ ಆಗಲಿಲ್ಲ. ಈಗ ಮದುವೆಯ ಮೆರವಣಿಗೆ ನೋಡಿ. ಜಾತಿ ನೋಡಿ, ಒಳಪಂಗಡ ನೋಡಿ, ಹೊಲದ ಎಕರೆ ಎಣಿಸಿ ಕೂಡಿಸಿದ ಮದುವೆ. ಮುಂದೆ ಡಾಲ್ಬಿ. ಡಾಲ್ಬಿಯಲ್ಲಿ ಝಿಂಗಾಟ್. ಎಲ್ಲರಿಗಿಂತ ಮುಂದೆ ಬನಿಯನ್ ಹರಿಯುವಂತೆ ಕುಣಿಯುತ್ತಿರುವವನು ಹುಡುಗಿಯ ಅಣ್ಣ. ತಂಗಿ ಬೇರೆ ಜಾತಿಯವನನ್ನು ಮೆಚ್ಚಿದ್ದರೆ ಅವನು ಏನು ಮಾಡುತ್ತಿದ್ದ ಎಂಬುದನ್ನು ಅದೇ ಚಿತ್ರ ತೋರಿಸಿದೆ. ಆ ಭಾಗಕ್ಕೆ ಸೌಂಡ್ ಇರಲಿಲ್ಲ. ಇವನಿಗೆ ಕೇಳಲಿಲ್ಲ.

ಬೀದಿಗೆ ಬಂದೆವಲ್ಲ, ಕಾನೂನನ್ನೂ ನೋಡಿಬಿಡೋಣ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಂದ್. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಹುಣ್ಣಿಮೆಗೆ ನಡುರಾತ್ರಿಯವರೆಗೆ ಸರಕಾರ ಸಡಿಲ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಇನ್ನೊಮ್ಮೆ ಬಿಡಿಸಿ ಹೇಳಿತು. ಸ್ವಂತ ಮನೆಯಲ್ಲಿ ಬೇಡದ ಸದ್ದಿಲ್ಲದೆ ಬದುಕುವುದು ಹಕ್ಕು ಎಂದೂ ಹೇಳಿತು. ಓದಲು ಬಹಳ ಚೆನ್ನಾಗಿದೆ. ಓದಿ ಹೇಳೋಣ ಎಂದರೆ ಪಕ್ಕದವನಿಗೆ ಕೇಳಿಸಬೇಕಲ್ಲ.

ಡೆಸಿಬೆಲ್ ಲೆಕ್ಕ ನಮ್ಮ ಕಿರಾಣಿ ಅಂಗಡಿಯ ಲೆಕ್ಕವಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಇಪ್ಪತ್ತಕ್ಕೆ ನೂರು ಪಟ್ಟು. ಕಾನೂನಿನ 55 ಎಲ್ಲಿ, ಡಾಲ್ಬಿಯ ಮುಂದಿನ 105 ಎಲ್ಲಿ? ನಡುವೆ ಒಂದು ಲಕ್ಷ ಪಟ್ಟು. ಕೆಲಸದ ಜಾಗದಲ್ಲಿ ಕಿವಿ ಕಾಯಲು ಅಮೆರಿಕದ ಸರಕಾರಿ ಸಂಶೋಧನಾ ಸಂಸ್ಥೆ ಹಾಕಿಕೊಟ್ಟ ಮಿತಿ ಹೀಗಿದೆ: 85 ಡೆಸಿಬೆಲ್ಲಿಗೆ ದಿನಕ್ಕೆ ಎಂಟು ಗಂಟೆ, 100ಕ್ಕೆ ಬರೀ ಕಾಲು ಗಂಟೆ. ಕೊಲ್ಹಾಪುರದ ವಿಸರ್ಜನೆಯ ಮೆರವಣಿಗೆ ಇವತ್ತು ಬೆಳಿಗ್ಗೆ ಹೊರಟರೆ ನಾಳೆಗೆ ಮುಗಿದರೆ ಪುಣ್ಯ.

ಹಬ್ಬಕ್ಕೆ ಮುಂಚೆ ಶಾಂತತಾ ಸಭೆ ಕೂಡುತ್ತದೆ. ಪೊಲೀಸ್ ಸಾಹೇಬರು ಡಾಲ್ಬಿ ಬೇಡ ಎನ್ನುತ್ತಾರೆ. ಗಣಪತಿ ಮಂಡಳಗಳ ಅಧ್ಯಕ್ಷರು ಚಪ್ಪಾಳೆ ತಟ್ಟುತ್ತಾರೆ. ಸಭೆಯ ಭಾಷಣಗಳಿಗೆ ಇಟ್ಟ ಮೈಕು ಕೂಗುಮಾರಿ. ಹಲಗಿ, ಲೇಝೀಮ್, ಢೋಲು ನಮ್ಮ ಪರಂಪರೆ ಎಂದು ಪುಢಾರಿ ಗದ್ಗದಿತನಾಗುತ್ತಾನೆ. ಹತ್ತನೇ ದಿನ ಅದೇ ಪುಢಾರಿಯ ಫೋಟೋ ಡಾಲ್ಬಿ ಟ್ರಾಲಿಯ ನೆತ್ತಿಯ ಮೇಲೆ, ಬಣ್ಣದ ದೀಪಗಳ ನಡುವೆ. ಹಲಗಿಯವನು ಹಿಂದೆ ಎಲ್ಲೋ ನಡೆಯುತ್ತಿರುತ್ತಾನೆ. ಬಡಿಯುತ್ತಿದ್ದಾನೆ ಎಂಬುದು ಕೈ ಆಡುವುದರಿಂದ ಗೊತ್ತಾಗುತ್ತದೆ.

ಇದೇ ಜನ ಮರುವಾರ ಥಿಯೇಟರಿಗೆ ಹೋಗಿ ಸೌಂಡ್ ಜೋರಾಯಿತು, ಗುಂಡಿ ಇಳಿಸಿ ಎನ್ನುತ್ತಾರೆ.

ಇಚಲಕರಂಜಿಯ ವಿಷಯ ಬೇರೆಯೇ. ಅಲ್ಲಿ 1904ರಲ್ಲಿ ಮೊದಲ ಪವರ್‌ಲೂಮ್ ಕೂತಿತು. ಅವತ್ತಿನಿಂದ ಆ ಊರಿಗೆ ನಿಶ್ಶಬ್ದ ಎಂದರೆ ಕರೆಂಟು ಹೋಗಿದೆ ಎಂದೇ ಅರ್ಥ. ಸಾಲು ಸಾಲು ಮಗ್ಗ, ಪ್ರತಿ ಮಗ್ಗದಲ್ಲೂ ಲಾಳಿ ಎಡಕ್ಕೆ ಬಡಿಯುತ್ತದೆ, ಬಲಕ್ಕೆ ಬಡಿಯುತ್ತದೆ. ಮುಂದೆ, ಹಿಂದೆ, ಪಕ್ಕದ ಶೆಡ್ಡಿನಲ್ಲಿ, ಆಚೆಯ ಓಣಿಯಲ್ಲಿ. ಲಾಳಿ ಮಗ್ಗದ ಶೆಡ್ಡಿನಲ್ಲಿ 90 ಡೆಸಿಬೆಲ್ ದಾಟುವುದು ಮಾಮೂಲು. ಪೋಸ್ಟರಿನಲ್ಲಿ ಬರೆಯುವ ಸುತ್ತೂ ಸದ್ದು ಇಡೀ ದೇಶದಲ್ಲಿ ಎಲ್ಲಾದರೂ ಪ್ರಾಮಾಣಿಕವಾಗಿ ಸಿಗುವುದಿದ್ದರೆ ಇಲ್ಲಿ. ಬೆಳಗಾವಿ, ಬಾಗಲಕೋಟ ಕಡೆಯಿಂದ ದುಡಿಯಲು ಬಂದ ನಮ್ಮವರೂ ಅದರಲ್ಲಿ ನಿಂತಿದ್ದಾರೆ. ಪಾಳಿ ಮುಗಿದ ಮೇಲೂ ಪರಸ್ಪರ ಕೂಗಿಯೇ ಮಾತಾಡುತ್ತಾರೆ. ಊರವರು ಅದನ್ನು ಒರಟುತನ ಎನ್ನುತ್ತಾರೆ. ಕಿವಿಗೆ ಏನಾಗಿದೆ ಎಂದು ಯಾರೂ ಕೇಳಿಲ್ಲ.

ಈಗ ಥಿಯೇಟರಿನ ಗೋಡೆ ಮುಟ್ಟಿ ನೋಡಿ. ಬಟ್ಟೆ ಹೊದಿಸಿರುತ್ತಾರೆ. ಬಟ್ಟೆಯ ಹಿಂದೆ ಮೆತ್ತನೆಯ ಹಾಸು. ಪ್ರತಿಧ್ವನಿ ಹುಟ್ಟಬಾರದು, ಒಂದು ಸದ್ದು ಇನ್ನೊಂದರ ಮೇಲೆ ಬೀಳಬಾರದು, ಬಳೆ ಬಳೆಯಾಗಿಯೇ ಕೇಳಬೇಕು ಎಂದು. ಬಟ್ಟೆ ಸದ್ದು ಹೀರುತ್ತದೆ. ಬಟ್ಟೆ ನೇಯುವವನೂ ಜೀವನವಿಡೀ ಹೀರಿದ್ದಾನೆ. ಕೆಲವು ಮಗ್ಗದ ಮಾಲಕರು ಮನೆಯಲ್ಲಿ ಹೋಮ್ ಥಿಯೇಟರ್ ಕಟ್ಟಿಸಿದ್ದಾರೆ. ಕೋಣೆಗೆ ಸೌಂಡ್‌ಪ್ರೂಫ್ ಬಾಗಿಲು. ತಮ್ಮದೇ ಶೆಡ್ಡಿನ ಅವಾಜ ಒಳಗೆ ಬರಬಾರದಲ್ಲ. ಶೆಡ್ಡಿನವನ ಕಿವಿಗೆ ಹಾಕಲು ಎರಡು ಬೆರಳಷ್ಟು ಫೋಮ್ ತರಿಸಿ ಎಂದರೆ "ಅವ್ರು ಹಾಕ್ಕೊಳ್ಳೂದಿಲ್ರಿ" ಎಂಬ ಉತ್ತರ ತಯಾರಿದೆ. ತರಿಸಿ ನೋಡಿದ್ದೀರಾ ಎಂದು ಕೇಳಿದರೆ ಚಹಾ ಬರುತ್ತದೆ.

ಇದೆಲ್ಲ ಕಿವಿಯಿಲ್ಲದ ಊರುಗಳಲ್ಲಿ ನಡೆದಿದ್ದರೆ ಬೇಸರವಿರಲಿಲ್ಲ. ಗ್ವಾಲಿಯರ್ ಖಯಾಲ್ ಗಾಯನವನ್ನು ಮಹಾರಾಷ್ಟ್ರಕ್ಕೆ ತಂದ ಬಾಳಕೃಷ್ಣಬುವಾ ತಮ್ಮ ಹೆಸರಿಗೆ ಸೇರಿಸಿಕೊಂಡ ಊರು ಇಚಲಕರಂಜಿ. ಉಸ್ತಾದ್ ಅಲ್ಲಾದಿಯಾ ಖಾನರು ಕೊಲ್ಹಾಪುರದ ಆಸ್ಥಾನ ಗಾಯಕರು. ಅವರ ಮಗ ಭುರ್ಜಿ ಖಾನರ ಹತ್ತಿರ ಕಲಿತವರು ನಮ್ಮ ಮಲ್ಲಿಕಾರ್ಜುನ ಮನ್ಸೂರ. ಗಾಯನ ಸಮಾಜ ದೇವಲ್ ಕ್ಲಬ್ಬಿಗೆ 1883ರಿಂದ ಇತಿಹಾಸವಿದೆ. ಶಾಹೂ ಮಹಾರಾಜರು 1915ರಲ್ಲಿ ಪ್ಯಾಲೇಸ್ ಥಿಯೇಟರ್ ಕಟ್ಟಿಸಿದಾಗ ರಂಗದ ಮೇಲೆ ಮೈಕು ಎಂಬುದು ಇರಲಿಲ್ಲ. ನಟ ಹಾಡುತ್ತಿದ್ದ, ಕೊನೆಯ ಸಾಲಿನವನು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದ. ಸರೌಂಡ್ ಸೌಂಡಿಗೆ ಬೇಕಾದ ಬಹುಮುಖ್ಯ ಉಪಕರಣ ಆ ಬಾಯಿಯೇ. ಅದೇ ರಂಗಮಂದಿರ ಮುಂದೆ ಸಂಗೀತಸೂರ್ಯ ಕೇಶವರಾವ್ ಭೋಸಲೆ ಅವರ ಹೆಸರು ಪಡೆಯಿತು. 2024ರ ಆಗಸ್ಟ್ 8ರ ರಾತ್ರಿ, ಕೇಶವರಾಯರ ಜಯಂತಿಯ ಮುನ್ನಾದಿನ, ಸುಟ್ಟುಹೋಯಿತು. ಪುಢಾರಿಗಳು ಬೂದಿಯ ಮುಂದೆ ನಿಂತು ಕಣ್ಣೀರು ಹಾಕಿದರು. ಕ್ಯಾಮೆರಾಗಳ ಮೈಕಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಮರಾಠಿ ಸಿನೆಮಾಕ್ಕೆ ಬಾಯಿ ಬರಿಸಿದ ಊರೂ ಇದೇ. 1929ರಲ್ಲಿ ಪ್ರಭಾತ್ ಕಂಪನಿ ಹುಟ್ಟಿದ್ದು ಕೊಲ್ಹಾಪುರದಲ್ಲಿ. ಮೊದಲ ಮರಾಠಿ ಟಾಕಿ 'ಅಯೋಧ್ಯೇಚಾ ರಾಜಾ' 1932ರಲ್ಲಿ ಅದೇ ಕಂಪನಿಯಿಂದ ಬಂತು. ಧ್ವನಿ ಹಿಡಿಯುವ ವಿದ್ಯೆ ವಿಷ್ಣುಪಂತ ದಾಮ್ಲೆಯವರ ಕೈಯಲ್ಲಿತ್ತು. 1933ರಲ್ಲಿ ಪ್ರಭಾತ್ ಪುಣೆಗೆ ಹೋಯಿತು. ಆ ಸ್ಟುಡಿಯೋದ ಜಾಗದಲ್ಲೇ ಇವತ್ತು ದೇಶದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಸೌಂಡ್ ಕಲಿತ ರಸೂಲ್ ಪೂಕುಟ್ಟಿ 2009ರಲ್ಲಿ ಆಸ್ಕರ್ ತಂದರು. ಬೇರು ನಮ್ಮದು, ಫಲ ಬೇರೆಯವರದು, ನಮಗೆ ಉಳಿದದ್ದು ಟ್ರಾಲಿ.

ಕನ್ನಡಿಗರೇ, ಸ್ವಲ್ಪ ನಿಲ್ಲಿ. ನಮ್ಮದೂ ಒಂದು ಲೆಕ್ಕ ಇಲ್ಲಿದೆ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ'. ವೈ. ವಿ. ರಾವ್ ನಿರ್ದೇಶನ. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ನಟಿಸಿದರು. ಬೆಂಗಳೂರಿನಲ್ಲಿ ಅದು ತೆರೆಕಂಡದ್ದು 1934ರ ಮಾರ್ಚ್ 3ರಂದು. ಚಿತ್ರೀಕರಣವಾದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. ಅಂದರೆ ಕನ್ನಡ ಸಿನೆಮಾ ಬಾಯಿ ಬಿಟ್ಟು ಆಡಿದ ಮೊದಲ ಮಾತು ಈ ಊರಿನಲ್ಲಿ ಮುದ್ರಣವಾಯಿತು. ಆಗಿನ ಥಿಯೇಟರಿನಲ್ಲಿ ಪರದೆಯ ಹಿಂದಿನಿಂದ ಬರುವ ಒಂದೇ ಸದ್ದಿನ ದಾರಿ. ಕನ್ನಡ ಕೇಳಿಸಿತು. ಚಿತ್ರದ ಪ್ರತಿ ಈಗ ಎಲ್ಲೂ ಉಳಿದಿಲ್ಲ. ಕಾಪಾಡುವ ನೆನಪು ಯಾರಿಗೂ ಆಗಲಿಲ್ಲ. ನಾವು ಭಾಷೆಗಾಗಿ ಪ್ರಾಣ ಕೊಡುವವರು, ಡಬ್ಬಿ ಎತ್ತಿಡುವವರಲ್ಲ.

2022ಕ್ಕೆ ಬನ್ನಿ. ಏಪ್ರಿಲಿನಲ್ಲಿ 'ಕೆಜಿಎಫ್' ಎರಡನೇ ಭಾಗ, ಸೆಪ್ಟೆಂಬರಿನಲ್ಲಿ 'ಕಾಂತಾರ'. ಕನ್ನಡದ ಸದ್ದು ದೇಶವನ್ನೇ ನಡುಗಿಸಿತು ಎಂದು ಬೆಂಗಳೂರಿನಲ್ಲಿ ಪಟಾಕಿ. ನಡುಗಿತು, ನಿಜ. ಈ ಕಡೆ ಬಹುಪಾಲು ಹಿಂದಿಯಲ್ಲಿ ನಡುಗಿತು. ಡಬ್ಬಿಂಗ್ ಮಾಡುವಾಗ ಮಾತಿನ ಪಟ್ಟಿಯನ್ನಷ್ಟೇ ಕಿತ್ತು ಬೇರೆ ಹೊಲಿಯುತ್ತಾರೆ. ಸಂಗೀತ, ಸದ್ದುಗಳ ಪಟ್ಟಿ ಹಾಗೇ ಇರುತ್ತದೆ. ಆದ್ದರಿಂದ ಗಡಹಿಂಗ್ಲಜದ ಕನ್ನಡಿಗನಿಗೆ ಕಂಬಳದ ಕೆಸರು ಕನ್ನಡದಲ್ಲಿ ಕೇಳಿತು. ಕಾಡಿನ ಮಳೆ, ಕೋಣದ ಗೊರಸು, ದೈವದ ಕೂಗು, ಎಲ್ಲ ಕನ್ನಡದಲ್ಲಿ. ಮನುಷ್ಯರು ಬಾಯಿ ತೆರೆದರೆ ಹಿಂದಿ. ಅರವತ್ತನಾಲ್ಕು ಸ್ಪೀಕರಿನ ಕಾಲ. ಒಂದರಲ್ಲೂ ಅವನ ಮನೆಮಾತಿಲ್ಲ.

ಕನ್ನಡದಲ್ಲೇ ನೋಡಬೇಕಾದರೆ ಅವನು ಬೆಳಗಾವಿಯ ಬಸ್ಸು ಹಿಡಿಯಬೇಕು. ಗಡಿ ತಂಟೆ ಎದ್ದ ದಿನ ಆ ಬಸ್ಸೂ ಇಲ್ಲ. ಈ ಕಡೆಯ ವೀರರು ಆ ಕಡೆಯ ಬಸ್ಸಿಗೆ ಮಸಿ ಬಳಿಯುತ್ತಾರೆ, ಆ ಕಡೆಯ ವೀರರು ಈ ಕಡೆಯದಕ್ಕೆ. ನವೆಂಬರ್ 1ರಂದು ಬೆಳಗಾವಿಯ ರಾಜ್ಯೋತ್ಸವದ ಮೆರವಣಿಗೆ ನೋಡಿ. ಅಲ್ಲೂ ಗೋಡೆಯೆತ್ತರದ ಸ್ಪೀಕರು, ಅಲ್ಲಿ ಹೆಸರು ಡಿಜೆ. ನಾಡಗೀತೆ ಯಾವ ಕ್ಷಣದಲ್ಲಿ ಮುಗಿದು ಐಟಂ ಸಾಂಗ್ ಯಾವ ಕ್ಷಣದಲ್ಲಿ ಶುರುವಾಯಿತು ಎಂಬುದು ಸಬ್‌ವೂಫರಿಗೆ ಮಾತ್ರ ಗೊತ್ತು. ಭಾಷೆ, ನೀರು, ನೆಲ ಯಾವುದರಲ್ಲೂ ಒಮ್ಮತವಾಗದ ಎರಡು ರಾಜ್ಯಗಳು ಇದೊಂದರಲ್ಲಿ ಅಣ್ಣತಮ್ಮಂದಿರು.

ಬಸ್ಸಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಕೊಲ್ಹಾಪುರ–ಗಡಹಿಂಗ್ಲಜ ಗಾಡಿ ಹತ್ತಿ. ಮುಂದಿನ ಸೀಟಿನ ಫೋನಿನಲ್ಲಿ ಮರಾಠಿ ಕೀರ್ತನೆ. ಎಡಕ್ಕೆ ಕನ್ನಡ ಕಾಮಿಡಿ. ಬಲಕ್ಕೆ ಹಿಂದಿಯಲ್ಲಿ ಹೊಟ್ಟೆ ಕರಗಿಸುವ ಉಪಾಯ. ಹಿಂದಿನಿಂದ ಕ್ರಿಕೆಟ್ಟು. ಚಾವಣಿಯಿಂದ ತಗಡಿನ ಖಟಖಟ. ಒಂದೊಂದು ಸದ್ದೂ ಒಂದೊಂದು ಜಾಗದಲ್ಲಿ ಹುಟ್ಟಿ ಸ್ವತಂತ್ರವಾಗಿ ಚಲಿಸುತ್ತದೆ. ಆಟ್‌ಮಾಸ್ ಕಂಪನಿಯವರು ಬಂದು ಕಲಿತುಕೊಂಡು ಹೋಗಬೇಕು. ಇಯರ್‌ಫೋನ್ ಹಾಕ್ಕೊ ತಮ್ಮಾ ಎಂದರೆ ತಮ್ಮ ನೋಡುವ ನೋಟ ಹೇಗಿರುತ್ತದೆ ಎಂದರೆ, ಅವನ ಮೂಲಭೂತ ಹಕ್ಕಿನ ಮೇಲೆ ನಾನು ಕಾಲಿಟ್ಟಂತೆ.

ಇವನೇ ಮನೆಗೆ ಹೋಗಿ ಕಂತಿನ ಮೇಲೆ ಸೌಂಡ್‌ಬಾರ್ ತರುತ್ತಾನೆ. ಡಬ್ಬದ ಮೇಲೆ ಆಟ್‌ಮಾಸ್ ಚೀಟಿ. ಟಿವಿಯ ಕೆಳಗೆ ಇಡುತ್ತಾನೆ. ಅದರಲ್ಲಿ ಸೀರಿಯಲ್ಲಿನ ಅತ್ತೆ ಬಾಗಿಲು ತೆರೆದಾಗ ಮೂರು ಸಲ ಗುಡುಗುತ್ತದೆ. ಅಷ್ಟಕ್ಕೇ ಹನ್ನೆರಡು ಕಂತು.

ಯಂತ್ರದ ತಪ್ಪು ಇದರಲ್ಲಿ ಏನೂ ಇಲ್ಲ. ನೆಟ್ಟಗೆ ಹದ ಮಾಡಿದ ಹಾಲಿನಲ್ಲಿ ಕೂತು ಮಳೆಯ ದೃಶ್ಯ ನೋಡಿದವರಿಗೆ ಗೊತ್ತು. ಮೊದಲ ಹನಿ ಎಲ್ಲೋ ಬಲಗಡೆ ತಗಡಿನ ಮೇಲೆ ಬೀಳುತ್ತದೆ. ನೀವು ತಿರುಗಿ ನೋಡುತ್ತೀರಿ. ಅಷ್ಟರಲ್ಲಿ ಹಿಂದೆ ಹತ್ತು ಹನಿ. ಆಮೇಲೆ ತಲೆಯ ಮೇಲೆ. ಪರದೆಯಲ್ಲಿ ಇನ್ನೂ ಮಳೆ ಕಂಡೇ ಇಲ್ಲ, ನೀವು ಆಗಲೇ ನೆನೆದಿದ್ದೀರಿ. ಪಾತ್ರ ಬಾಗಿಲು ಮುಚ್ಚಿದೊಡನೆ ಮಳೆ ಗೋಡೆಯಾಚೆ ಹೋಗುತ್ತದೆ. ಕೋಣೆಯಲ್ಲಿ ಇಬ್ಬರ ಉಸಿರು ಮಾತ್ರ. ಚಿತ್ರ ಕಣ್ಣಿಗೆ ಕಿಟಕಿಯಾದರೆ ಈ ಸದ್ದು ನಿಮ್ಮನ್ನು ಎತ್ತಿ ಕಿಟಕಿಯ ಒಳಗೆ ಇಳಿಸುತ್ತದೆ. ದೊಡ್ಡ ದುಡ್ಡು ಕೊಟ್ಟು ಇದನ್ನೇ ಕೊಂಡದ್ದು ತಾನೆ? ಆ ಉಸಿರಿನ ಹೊತ್ತಿಗೆ ಪಕ್ಕದವನು ಪಾಪ್‌ಕಾರ್ನ್ ಡಬ್ಬದ ತಳ ಕೆರೆಯುತ್ತಿರುತ್ತಾನೆ. ಮುಂದಿನ ಸಾಲಿನವಳು ಪರದೆಯನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕುತ್ತಿರುತ್ತಾಳೆ. ಅರವತ್ತನಾಲ್ಕು ಸ್ಪೀಕರಿನ ಸದ್ದು ಬೆರಳುಗುರಿನಷ್ಟು ಮೈಕಿನಲ್ಲಿ. ಅದನ್ನು ನೋಡಿದ ನೂರು ಜನ 'ಮಸ್ತ್ ಸೌಂಡ್' ಎಂದು ಬರೆಯುತ್ತಾರೆ.

ಪರದೆ ಮಂಕಾದರೆ ನೀವು ಸಿಳ್ಳೆ ಹಾಕುತ್ತೀರಿ. ಎಸಿ ನಿಂತರೆ ಕುರ್ಚಿ ಬಡಿಯುತ್ತೀರಿ. ಸಮೋಸಾ ತಣ್ಣಗಿದ್ದರೆ ಹುಡುಗನ ಜನ್ಮ ಜಾಲಾಡುತ್ತೀರಿ. ಅರ್ಧ ಸೌಂಡ್ ಕೊಟ್ಟಾಗ ಮಾತ್ರ ಋಷಿಗಳಂತೆ ಕೂರುತ್ತೀರಿ. ಈ ಸಲ ಇಂಟರ್‌ವೆಲ್‌ನಲ್ಲಿ ಸಮೋಸಾ ಸಾಲಿಗೆ ಹೋಗುವ ಮೊದಲು ಮ್ಯಾನೇಜರ ಕೋಣೆಗೆ ಹೋಗಿ. ಫೇಡರ್ ಎಷ್ಟಕ್ಕೆ ಇಟ್ಟಿದ್ದೀರಿ ಎಂದು ಕೇಳಿ. ಯಾವ ಗೋಡೆಯ ಯಾವ ಸ್ಪೀಕರು ಸತ್ತಿದೆ ಎಂದು ಬೆರಳಿಟ್ಟು ತೋರಿಸಿ. ಈ ಚಿತ್ರದ ಕನ್ನಡ ಆಟ ಯಾವಾಗ ಎಂದೂ ಕೇಳಿ, ಹೇಗೂ ಹೋಗಿದ್ದೀರಲ್ಲ. ಒಬ್ಬರು ಕೇಳಿದರೆ ಹುಚ್ಚ ಎನ್ನುತ್ತಾರೆ. ಇಪ್ಪತ್ತು ಜನ ಕೇಳಿದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸುತ್ತಾರೆ.